ನಮ್ಮ ಬೀದಿಯ ಗ್ಯಾರೇಜಿನಲ್ಲಿ ಜೀನ್ ಕ್ಲಾರ್ಕ್

ಊರಲ್ಲಿದ್ದಾಗ ನಾನು ಜೀನ್ ಕ್ಲಾರ್ಕ್ ಹೆಸರನ್ನೇ ಕೇಳಿರಲಿಲ್ಲ. ಅವನು ಇದ್ದ ಬರ್ಡ್ಸ್ ಅನ್ನೋ ಅಮೆರಿಕನ್ ರಾಕ್ ಬ್ಯಾಂಡ್ ಇತ್ತು, 'ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್' ಹಾಡಿದ್ದು ಅವರೇ ಅನ್ನುವಷ್ಟು ಗೊತ್ತಿತ್ತು, ಅಷ್ಟೇ. ಕೆಲಸದ ಮೇಲೆ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾಕ್ಕೆ ಬಂದು ನೆಲೆಸಿದ ಮೇಲೆ, ನಮ್ಮ ಬೀದಿಯ ಕೊನೆ ಮನೆಯ ಹಿರಿಯರೊಬ್ಬರ ಗ್ಯಾರೇಜಿನಲ್ಲಿ ಅವನ 'ನೋ ಅದರ್' ಆಲ್ಬಂ ಕೇಳಿದೆ. ಬಂದದ್ದು 1974ರಲ್ಲಿ. ಎಂಟು ಹಾಡು, ಒಟ್ಟು ಮುಕ್ಕಾಲು ಗಂಟೆಯೂ ಇಲ್ಲ. ಆದರೆ ಈ ಮುಕ್ಕಾಲು ಗಂಟೆಯ ಬಗ್ಗೆ ಇಲ್ಲಿನ ಜನ ಇವತ್ತಿಗೂ ಎರಡು ಪಕ್ಷವಾಗಿ ನಿಲ್ಲುತ್ತಾರೆ: ವಾದ್ಯ, ಮೇಳ ಅತಿಯಾಗಿ ಹಾಡು ಮುಚ್ಚಿಹೋಯಿತು ಅನ್ನುವವರು ಒಂದು ಕಡೆ, ಅವು ಬೇಕೇ ಬೇಕು ಅನ್ನುವವರು ಇನ್ನೊಂದು ಕಡೆ. ಆ ಮಾತುಕತೆಯನ್ನು ಹತ್ತಿರದಿಂದ ಕೇಳಿದ್ದೇನೆ, ನಾನೂ ಒಂದು ಪಕ್ಷ ಹಿಡಿದಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಕ್ಲಾರ್ಕ್ ಹುಟ್ಟಿದ್ದು 1944ರಲ್ಲಿ, ಮಿಸೌರಿ ರಾಜ್ಯದ ಟಿಪ್ಟನ್ ಅನ್ನುವ ಸಣ್ಣ ಊರಲ್ಲಿ. ಬರ್ಡ್ಸ್ ಶುರುವಾದಾಗ ಬ್ಯಾಂಡಿನ ಸ್ವಂತ ಹಾಡುಗಳನ್ನು ಹೆಚ್ಚಾಗಿ ಬರೆಯುತ್ತಿದ್ದವನು ಅವನೇ. ಹಾಡು ಬರೆದವನಿಗೆ ರಾಯಲ್ಟಿ ಜಾಸ್ತಿ ಬರುತ್ತದೆ. ಉಳಿದವರಿಗೆ ಅದು ಸರಿಬರಲಿಲ್ಲ. ಮೇಲಿಂದ ಅವನಿಗೆ ವಿಮಾನ ಅಂದರೆ ಭಯ. ಊರೂರು ತಿರುಗಬೇಕಾದ ಬ್ಯಾಂಡಿನಲ್ಲಿ ವಿಮಾನ ಹತ್ತಲು ಹೆದರುವವನು ಎಷ್ಟು ದಿನ ಇರಲು ಆಗುತ್ತದೆ? 1966ರಲ್ಲಿ ಹೊರಗೆ ಬಂದ. 1971ರಲ್ಲಿ 'ವೈಟ್ ಲೈಟ್' ಅಂತ ಕರೆಯುವ ಆಲ್ಬಂ ಬಂತು. ಗಿಟಾರು, ಹಾರ್ಮೋನಿಕಾ, ಅವನ ದನಿ, ಜೊತೆಗೆ ಕಡಿಮೆ ವಾದ್ಯ. ಅಮೆರಿಕದಲ್ಲಿ ಅದನ್ನು ಕೊಂಡವರು ಕಡಿಮೆ. ನೆದರ್‌ಲ್ಯಾಂಡ್ಸ್‌ನ ವಿಮರ್ಶಕರು ಮಾತ್ರ ತುಂಬಾ ಮೆಚ್ಚಿದರು.

1973ರಲ್ಲಿ ಹಳೇ ಬರ್ಡ್ಸ್ ಐವರೂ ಮತ್ತೆ ಸೇರಿ ಒಂದು ಆಲ್ಬಂ ಮಾಡಿದರು. ಅದರಲ್ಲಿ ಕ್ಲಾರ್ಕ್ ಬರೆದ ಹಾಡುಗಳೇ ಎದ್ದು ಕಂಡವು. ಅಸೈಲಂ ರೆಕಾರ್ಡ್ ಕಂಪನಿಯ ಡೇವಿಡ್ ಗೆಫೆನ್ ಅವನಿಗೆ ಒಪ್ಪಂದ ಕೊಟ್ಟರು. ಜೋನಿ ಮಿಚೆಲ್, ಜಾಕ್ಸನ್ ಬ್ರೌನ್, ಈಗಲ್ಸ್ ಎಲ್ಲ ಇದ್ದ ಕಂಪನಿ ಅದು. ಅಲ್ಲಿಗೆ ಮಾಡಿದ 'ನೋ ಅದರ್'ಗೆ ಥಾಮಸ್ ಜೆಫರ್ಸನ್ ಕೇ ನಿರ್ಮಾಪಕ. ಲಾಸ್ ಏಂಜಲೀಸ್‌ನ ವಿಲೇಜ್ ರೆಕಾರ್ಡರ್ ಸ್ಟುಡಿಯೋದಲ್ಲಿ ಕೆಲಸ ನಡೆಯಿತು. ಬೇಸ್ ಗಿಟಾರು ನುಡಿಸಲು ಲೀಲೆಂಡ್ ಸ್ಕ್ಲಾರ್, ಡ್ರಮ್ಸ್‌ಗೆ ರಸ್ ಕಂಕಲ್, ಗಿಟಾರಿಗೆ ಜೆಸ್ಸಿ ಎಡ್ ಡೇವಿಸ್, ಡ್ಯಾನಿ ಕಾರ್ಚ್‌ಮಾರ್. ಆ ಕಾಲದ ಲಾಸ್ ಏಂಜಲೀಸ್‌ನ ಅತ್ಯುತ್ತಮ ಕೈಗಳು. ಖರ್ಚು 1 ಲಕ್ಷ ಡಾಲರ್ ದಾಟಿತು. ಅಷ್ಟು ದುಡ್ಡಿಗೆ ಎಂಟೇ ಹಾಡು ಕೈಗೆ ಬಂದಾಗ ಗೆಫೆನ್‌ಗೆ ಸಿಟ್ಟು ಬಂತು. ಪ್ರಚಾರ ನೆಟ್ಟಗೆ ಆಗಲಿಲ್ಲ. ಅಮೆರಿಕದಲ್ಲಿ ಆಲ್ಬಂಗಳ ಮಾರಾಟ ತೋರಿಸುವ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 144ನೇ ಸ್ಥಾನದಿಂದ ಮೇಲೆ ಏರಲಿಲ್ಲ. 1976ರ ಹೊತ್ತಿಗೆ ಕಂಪನಿ ಅದನ್ನು ತನ್ನ ಪಟ್ಟಿಯಿಂದಲೇ ತೆಗೆದುಹಾಕಿತು.

ಈಗ ಗ್ಯಾರೇಜಿಗೆ ಬರೋಣ. ಅಮೆರಿಕದ ಮನೆಗಳಲ್ಲಿ ಕಾರು ನಿಲ್ಲಿಸೋದು ಬಿಟ್ಟು ಉಳಿದ ಎಲ್ಲಾ ಕೆಲಸಕ್ಕೂ ಗ್ಯಾರೇಜ್ ಬೇಕು. ಈ ಹಿರಿಯರು ಬಡಗಿ ಕೆಲಸ ಮಾಡಿ ನಿವೃತ್ತರಾದವರು. ಉಳಿ, ಗರಗಸ, ಕ್ಲ್ಯಾಂಪ್‌ಗಳನ್ನು ಗೋಡೆಗೆ ಸಾಲಾಗಿ ತೂಗುಹಾಕಿ, ಕೆಲಸದ ಮೇಜಿನ ಮೇಲೆ ರೆಕಾರ್ಡ್ ಪ್ಲೇಯರ್ ಇಟ್ಟಿದ್ದಾರೆ. ತಿಂಗಳಿಗೊಂದು ಶನಿವಾರ ಸಂಜೆ ಬೀದಿಯವರು, ಅವರ ಗೆಳೆಯರು ಸೇರುತ್ತಾರೆ. ಒಬ್ಬೊಬ್ಬರು ಒಂದೊಂದು ತಿಂಡಿ ತರುತ್ತಾರೆ. ನಾನು ಒಗ್ಗರಣೆ ಅವಲಕ್ಕಿ ಒಯ್ಯುತ್ತೇನೆ, ಖಾರ ಸ್ವಲ್ಪ ಕಡಿಮೆ ಮಾಡಿ. ಒಂದೇ ಒಂದು ನಿಯಮ: ರೆಕಾರ್ಡಿನ ಒಂದು ಬದಿ ಮುಗಿಯೋ ತನಕ ಯಾರೂ ಮಾತಾಡುವ ಹಾಗಿಲ್ಲ. ಫೋನ್ ನೋಡುವ ಹಾಗೂ ಇಲ್ಲ.

ಆ ಹಿರಿಯರು ರೆಕಾರ್ಡ್ ಹಾಕುವುದನ್ನು ನೋಡುವುದೇ ಒಂದು ಖುಷಿ. ಬೆರಳು ಗೆರೆಗಳಿಗೆ ತಾಗದ ಹಾಗೆ ಎರಡೂ ಅಂಗೈಯಲ್ಲಿ ಅಂಚು ಹಿಡಿಯುತ್ತಾರೆ. ತಟ್ಟೆ ತಿರುಗಲು ಬಿಟ್ಟು, ಸಣ್ಣ ಬ್ರಷ್ ಒಂದನ್ನು ಅದರ ಮೇಲೆ ಒತ್ತದೆ ಸುಮ್ನೆ ಇಡುತ್ತಾರೆ. ಧೂಳು ಒಂದು ಗೆರೆಯಾಗಿ ಬ್ರಷ್ಷಿಗೆ ಬರುತ್ತದೆ. ಆಮೇಲೆ ಮುಳ್ಳು ಇಳಿಸುತ್ತಾರೆ. 'ನೋ ಅದರ್' ಹೊದಿಕೆಯನ್ನು ನನ್ನ ಕೈಗೆ ಕೊಟ್ಟಾಗ ಅದರ ಒಂದು ಮೂಲೆ ಕತ್ತರಿಸಿತ್ತು. ಇಲಿ ಕಡಿದಿರಬೇಕು ಅಂದುಕೊಳ್ಳಬೇಡಿ. ಮಾರಾಟವಾಗದೆ ಉಳಿದ ರೆಕಾರ್ಡುಗಳನ್ನು ಕಂಪನಿಗಳು ಹೀಗೆ ಮೂಲೆ ಕತ್ತರಿಸಿ ಅಗ್ಗಕ್ಕೆ ಬಿಡುತ್ತಿದ್ದವು. ಮತ್ತೆ ಪೂರ್ತಿ ಬೆಲೆಗೆ ವಾಪಸ್ ತರಬಾರದು ಅಂತ ಆ ಗುರುತು. ಒಳ್ಳೆಯ ಕೆಲಸವೊಂದು ಸೋತದ್ದಕ್ಕೆ ಇಷ್ಟು ಸ್ಪಷ್ಟ ಸಾಕ್ಷಿ ನಾನು ಬೇರೆಲ್ಲೂ ಮುಟ್ಟಿ ನೋಡಿಲ್ಲ.

ಹೊದಿಕೆಯೂ ವಿಚಿತ್ರ. ಮುಂದೆ 1920ರ ದಶಕದ ಹಾಲಿವುಡ್ ಚಿತ್ರಗಳನ್ನು ಜೋಡಿಸಿದ್ದಾರೆ. ಹಿಂದೆ ಕ್ಲಾರ್ಕ್ ಗುಂಗುರು ಕೂದಲು ಬಿಟ್ಟು, ಮುಖಕ್ಕೆ ಬಣ್ಣ ಹಚ್ಚಿಕೊಂಡು, ಅಗಲ ಪ್ಯಾಂಟು ತೊಟ್ಟು ನಿಂತಿದ್ದಾನೆ. ಗಿಟಾರು ಹಿಡಿದ ಹಳ್ಳಿ ಹುಡುಗನನ್ನು ನೆನಪಲ್ಲಿ ಇಟ್ಟುಕೊಂಡವರಿಗೆ ಇದನ್ನು ಅಂಗಡಿಯಲ್ಲಿ ನೋಡಿದಾಗಲೇ ಗಾಬರಿಯಾಗಿರಬೇಕು.

ಮೊದಲ ಬದಿಯಲ್ಲಿ ನಾಲ್ಕು ಹಾಡು. 'ಲೈಫ್ಸ್ ಗ್ರೇಟೆಸ್ಟ್ ಫೂಲ್' ಹಳ್ಳಿಗಾಡಿನ ಕಂಟ್ರಿ ಹಾಡಿನ ಹಾಗೆ ಸರಾಗವಾಗಿ ಹೊರಡುತ್ತದೆ. ಸ್ವಲ್ಪ ಹೊತ್ತಿಗೆ ಹೆಂಗಸರ ಮೇಳ ಒಳಗೆ ಬರುತ್ತದೆ, ಚರ್ಚಿನಲ್ಲಿ ಹಾಡುವ ಹಾಗೆ, ಎದೆ ತುಂಬಿ. ಆಮೇಲೆ 'ಸಿಲ್ವರ್ ರೇವನ್', ತೆಳ್ಳಗೆ, ಎತ್ತರದ ದನಿಯಲ್ಲಿ. ಆಲ್ಬಂ ಹೆಸರಿನದೇ ಹಾಡು ಮೂರನೆಯದು. ದಪ್ಪನೆ ಗೊರಗೊರ ಬೇಸ್, ತಾಳವಾದ್ಯದ ಮೇಲೆ ತಾಳವಾದ್ಯ. ಕೊನೆಗೆ 'ಸ್ಟ್ರೆಂತ್ ಆಫ್ ಸ್ಟ್ರಿಂಗ್ಸ್'. ಆರೂವರೆ ನಿಮಿಷದ ಹಾಡು. ಶುರುವಿನಲ್ಲಿ ತುಂಬಾ ಹೊತ್ತು ಮಾತೇ ಇಲ್ಲ. ಪಿಯಾನೋ, ಗಿಟಾರು, ಮೇಳದ ಆಲಾಪ ನಿಧಾನಕ್ಕೆ ಏರುತ್ತಾ ಹೋಗುತ್ತವೆ. ಇನ್ನು ಹಾಡುವವನು ಬರೋದಿಲ್ಲವೇನೋ ಅನ್ನಿಸುವಾಗ ಕ್ಲಾರ್ಕ್ ದನಿ ಬರುತ್ತದೆ.

ಬದಿ ಮುಗಿಯಿತು. ಮಾತು ಶುರುವಾಯಿತು.

ಗ್ಯಾರೇಜಿನ ಯಜಮಾನರು ಹೇಳಿದ್ದು: "ಇದು ಜೀನ್ ಅಲ್ಲ. ಜೀನ್ ಮೇಲೆ ದುಡ್ಡು ಸುರಿದಿದ್ದಾರೆ." ಬರ್ಡ್ಸ್ ರೇಡಿಯೋದಲ್ಲಿ ಬಂದಾಗ ಅವರು ಹೈಸ್ಕೂಲು ಹುಡುಗ. ಆ ದನಿ, ಆ ಹನ್ನೆರಡು ತಂತಿಯ ಗಿಟಾರು ಅವರಿಗೆ ಹರೆಯದ ಜೊತೆ ಅಂಟಿಕೊಂಡಿದೆ. ಅವರಿಗೆ ಕ್ಲಾರ್ಕ್ ಅಂದರೆ 'ವೈಟ್ ಲೈಟ್'. ಒಬ್ಬ ಮನುಷ್ಯ, ಒಂದು ಗಿಟಾರು, ಒಳ್ಳೆಯ ಸಾಹಿತ್ಯ. "ಒಳ್ಳೆ ಮರ ಸಿಕ್ಕರೆ ಬಣ್ಣ ಹಚ್ಚಬಾರದು" ಅನ್ನುವುದು ಅವರ ವಾದ. ಬಡಗಿ ಹೇಳಿದ ಮಾತು, ತೂಕ ಇದ್ದೇ ಇದೆ. 1974ರಲ್ಲೂ ಆಲ್ಬಂ ಇಷ್ಟಪಡದವರು ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಅತಿಯಾಯಿತು, ಹಾಡು ಮುಚ್ಚಿಹೋಯಿತು.

ಅದನ್ನು ಕೇಳಿ ಎದುರು ಕುರ್ಚಿಯಲ್ಲಿದ್ದ ಹೆಂಗಸು ಸುಮ್ಮನಿರಲಿಲ್ಲ. ಅವರು ಆಫ್ರಿಕನ್ ಅಮೆರಿಕನ್, ನರ್ಸ್ ಆಗಿದ್ದು ನಿವೃತ್ತರಾದವರು, ಚಿಕ್ಕಂದಿನಿಂದ ಚರ್ಚ್ ಮೇಳದಲ್ಲಿ ಹಾಡಿದವರು. ಹೊದಿಕೆ ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿ ಸಣ್ಣ ಅಕ್ಷರ ಓದಿದರು. ಕ್ಲೈಡಿ ಕಿಂಗ್. ವೆನೆಟ್ಟಾ ಫೀಲ್ಡ್ಸ್. ಕ್ಲಾಡಿಯಾ ಲೆನಿಯರ್. ಶರ್ಲಿ ಮ್ಯಾಥ್ಯೂಸ್. "ಅತಿಯಾಯಿತು ಅನ್ನೋರಿಗೆ ಈ ನಾಲ್ಕು ಹೆಸರು ಗೊತ್ತಾ?" ಅಂದರು. ಯಾರಿಗೂ ಗೊತ್ತಿರಲಿಲ್ಲ, ನನಗೂ. ಮನೆಗೆ ಬಂದು ಹುಡುಕಿದೆ. ಕಿಂಗ್ ಮತ್ತು ಫೀಲ್ಡ್ಸ್ ರೋಲಿಂಗ್ ಸ್ಟೋನ್ಸ್‌ನ 1972ರ 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್'ನಲ್ಲಿ ಹಾಡಿದ್ದಾರೆ. ಫೀಲ್ಡ್ಸ್ 1975ರಲ್ಲಿ ಪಿಂಕ್ ಫ್ಲಾಯ್ಡ್‌ನ 'ವಿಶ್ ಯು ವರ್ ಹಿಯರ್'ನಲ್ಲೂ ಇದ್ದಾರೆ. ಲೆನಿಯರ್ ಮತ್ತು ಫೀಲ್ಡ್ಸ್ ಇಬ್ಬರೂ ಟೀನಾ ಟರ್ನರ್ ಹಿಂದೆ ಹಾಡಿ ಪಳಗಿದವರು. ನಾವೆಲ್ಲ ಎಷ್ಟೋ ವರ್ಷದಿಂದ ಕೇಳುತ್ತಾ ಬಂದ ದನಿಗಳು. ಹೆಸರು ಮಾತ್ರ ಓದಿರಲಿಲ್ಲ.

ಆ ತಾಯಿ ಇನ್ನೊಂದು ಮಾತು ಹೇಳಿದರು. ಅದು ನನ್ನ ತಲೆಯಲ್ಲಿ ನಿಂತುಬಿಟ್ಟಿದೆ. ಈ ಹಾಡುಗಳಲ್ಲಿ ಒಬ್ಬ ಮನುಷ್ಯ ಬರೀ ಅನುಮಾನದಲ್ಲಿದ್ದಾನೆ. ಬದುಕು ಯಾಕೆ, ನಾನು ಯಾರು ಅಂತ ಕೇಳುತ್ತಾನೆ. ಅವನು ಕೇಳಿದ್ದಕ್ಕೆ ಸುತ್ತ ಕೂತವರು ಹೂಂಗುಡಬೇಕಲ್ವಾ? ಅವರ ಚರ್ಚಿನಲ್ಲಿ ಹಾಗೇ ಅಂತೆ. ಒಬ್ಬರು ನೋವು ತೋಡಿಕೊಂಡರೆ ಉಳಿದವರು ದನಿಗೂಡಿಸುತ್ತಾರೆ. ಆ ಮೇಳ ತೆಗೆದುಬಿಟ್ಟರೆ ಅವನು ಒಬ್ಬಂಟಿ ಆಗಿಬಿಡುತ್ತಾನೆ.

ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಬರುತ್ತಾನೆ, ಸೈಕಲ್ ರಿಪೇರಿ ಮಾಡುವವನು. ಅವನಿಗೆ ಈ ಜಗಳ ಯಾಕೆ ಅಂತಲೇ ಅರ್ಥವಾಗಲಿಲ್ಲ. 2014ರಲ್ಲಿ ಬೀಚ್ ಹೌಸ್ ಬ್ಯಾಂಡಿನವರು ಈ ಆಲ್ಬಂ ಅನ್ನು ಮೊದಲಿಂದ ಕೊನೆವರೆಗೆ ವೇದಿಕೆಯಲ್ಲಿ ನುಡಿಸಿದರು. ಫ್ಲೀಟ್ ಫಾಕ್ಸಸ್‌ನ ರಾಬಿನ್ ಪೆಕ್ನೋಲ್ಡ್ ಅದರಲ್ಲಿ ಹಾಡಿದರು. ಹುಡುಗ ಕ್ಲಾರ್ಕ್ ಹೆಸರು ಕೇಳಿದ್ದು ಆ ದಾರಿಯಿಂದ. ಬರ್ಡ್ಸ್ ಅವನಿಗೆ ಅಜ್ಜನ ಕಾಲದ ಬ್ಯಾಂಡ್. ಹೋಲಿಸಿ ನೋಡಲು ಅವನ ಹತ್ತಿರ ಹಳೇ ಜೀನ್ ಇಲ್ಲವೇ ಇಲ್ಲ. ಎಲ್ಲರಿಗೂ ಕಿರಿಕಿರಿಯಾದ ಆ ಗೊರಗೊರ ಬೇಸಿನ ಹಾಡೇ ಅವನಿಗೆ ತುಂಬಾ ಇಷ್ಟ.

ಶಾಲೆಯಲ್ಲಿ ಪಾಠ ಹೇಳುವ ಇನ್ನೊಬ್ಬರಿಗೆ ಸಂಗೀತ ಓಕೆ, ಸಾಹಿತ್ಯ ಮಾತ್ರ ಮಂಜು ಮಂಜು ಅನ್ನಿಸಿತು. ಅದೂ ಹಳೇ ದೂರೇ. ಅದರ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ಕೆಲವು ಸಾಲು ನನಗೂ ಪೂರ್ತಿ ದಕ್ಕಿಲ್ಲ, ಆದರೆ ದಕ್ಕದ ಸಾಲೂ ಕಾಡುತ್ತದೆ.

ಅಪ್ಪ ಆಗ ಸಾಗರದಿಂದ ಬಂದು ನಮ್ಮ ಜೊತೆ ಇದ್ದರು. ನಿವೃತ್ತ ಹೈಸ್ಕೂಲು ಮಾಸ್ತರರು. ವಯಸ್ಸಿನಲ್ಲಿ ರಾತ್ರಿಯಿಡೀ ಬಯಲಾಟ ನೋಡಿ ಬೆಳಿಗ್ಗೆ ನೆಟ್ಟಗೆ ಶಾಲೆಗೆ ಹೋದವರು. ಈಗಲೂ ಹಳೇ ಭಾಗವತರ ಪದ್ಯ ಅಂದರೆ ಊಟ ಬಿಟ್ಟು ಕೂರುತ್ತಾರೆ. ಮನೆಯಲ್ಲಿ ಒಬ್ಬರೇ ಕೂತು ಬೇಜಾರಾಗುವುದು ಬೇಡ ಅಂತ ಅವರನ್ನೂ ಗ್ಯಾರೇಜಿಗೆ ಕರೆದುಕೊಂಡು ಹೋಗಿದ್ದೆ. ಸ್ವೆಟರ್ ಹಾಕಿಕೊಂಡು ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಮಾಡಿದ್ದಾರೆ ಅಂತ ಎಲ್ಲರೂ ತಿಳಿದಿದ್ದರು. ಯಜಮಾನರು ಮರ್ಯಾದೆಗೆ ಅಂತ, "ನಿಮಗೆ ಹೇಗನ್ನಿಸಿತು ಸರ್?" ಅಂತ ಕೇಳಿದರು.

ಅಪ್ಪ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು: "ಹಿಮ್ಮೇಳ ಜೋರಾಗಿದೆ, ಹೌದು. ಆದ್ರೆ ಭಾಗವತ್ರ ಪದ್ಯ ಮುಚ್ಚಿ ಹೋಗಿಲ್ಲ ಮಾರಾಯ. ಪ್ರತಿ ಅಕ್ಷರ ಕೇಳ್ತಾ ಇದೆ. ಮತ್ಯಾಕೆ ಇವರಿಗೆ ತಕರಾರು?"

ನಾನು ಅದನ್ನು ಇಂಗ್ಲಿಷಿಗೆ ತಂದು ಹೇಳಬೇಕಾಯಿತು. ಯಕ್ಷಗಾನ ಅಂದರೇನು, ಭಾಗವತರು ಯಾರು, ಮದ್ದಳೆ ಯಾವುದು, ಚೆಂಡೆ ಯಾವುದು, ಎಲ್ಲ. ಯಜಮಾನರು ಫೋನಿನಲ್ಲಿ ಒಂದು ತುಣುಕು ನೋಡಬೇಕು ಅಂದರು, ತಾವೇ ಮಾಡಿದ ನಿಯಮವನ್ನು ಮುರಿದು. ಅಪ್ಪ ಒಂದು ಯುದ್ಧದ ಪದ್ಯ ಹುಡುಕಿ ತೋರಿಸಿದರು. ಚೆಂಡೆ ಸಿಡಿಯುತ್ತಿದೆ, ಅದರ ಮೇಲೆ ಭಾಗವತರ ದನಿ. ಎಲ್ಲರೂ ಫೋನಿನ ಸುತ್ತ ಬಗ್ಗಿ ನಿಂತರು. ಅಪ್ಪನಿಗೆ ಹುರುಪು ಬಂತು. ಅವರು ಹೇಳಿದ್ದು ಇಷ್ಟು: ಚೆಂಡೆ ಎಲ್ಲಾ ಪದ್ಯಕ್ಕೂ ಬಾರಿಸೋದಲ್ಲ. ಕರುಣದ ಪದ್ಯಕ್ಕೆ ಮದ್ದಳೆ ಸಾಕು. ವೀರಕ್ಕೆ, ಯುದ್ಧಕ್ಕೆ ಚೆಂಡೆ ಬೇಕೇ ಬೇಕು. ಹಾಗಾಗಿ ಹಿಮ್ಮೇಳ ಜಾಸ್ತಿಯಾ ಕಡಿಮೆಯಾ ಅಂತ ಇಡೀ ಆಟಕ್ಕೆ ಒಂದೇ ತೀರ್ಪು ಕೊಡಲು ಬರೋದಿಲ್ಲ. ಪದ್ಯ ಪದ್ಯಕ್ಕೆ ನೋಡಬೇಕು. ಈ ರೆಕಾರ್ಡಿನಲ್ಲಿ ನಾಲ್ಕನೇ ಹಾಡಿಗೆ ಅಷ್ಟೂ ಬೇಕು. ಎರಡನೇ ಹಾಡಿಗೆ ಅಷ್ಟು ಬೇಡವಾಗಿತ್ತು.

ಇಂಗ್ಲಿಷ್ ರಾಕ್ ಆಲ್ಬಂ ಒಂದನ್ನೂ ಪೂರ್ತಿ ಕೇಳದ ಮನುಷ್ಯ ಹಾಡು ಹಾಡಿಗೆ ತೂಗಿ ಹೇಳಿದ್ದು ಇದು. ಐವತ್ತು ವರ್ಷದಿಂದ ನಡೆದು ಬಂದ ವಾದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಯಜಮಾನರು ಸೋಲಲಿಲ್ಲ. ನಿರ್ಮಾಪಕನೇ ಹಾಳು ಮಾಡಿದ್ದು ಅಂದರು. ಅಪ್ಪ ಕೇಳಿದರು: "ಹಾಡಿದವನು ಬೇಡ ಅಂದಿದ್ನಾ?" ಇಲ್ಲ, ಅಂದಿರಲಿಲ್ಲ. ಕ್ಲಾರ್ಕ್‌ಗೆ ಈ ಆಲ್ಬಂ ಬಗ್ಗೆ ಬಹಳ ಹೆಮ್ಮೆ ಇತ್ತು. ತನ್ನ ಅತ್ಯುತ್ತಮ ಕೆಲಸ ಇದೇ ಅಂತ ನಂಬಿದ್ದ. ಅದು ಸೋತದ್ದರ ನೋವು ಅವನಿಂದ ಕೊನೆವರೆಗೂ ಹೋಗಲಿಲ್ಲ. ಅಂದಮೇಲೆ ಅವನನ್ನು ಅವನ ಹಾಡಿನಿಂದಲೇ ಕಾಪಾಡುತ್ತೇವೆ ಅಂತ ನಾವು ಹೊರಡುವುದು ಸರಿಯಾ? ನನಗೆ ಸರಿ ಕಾಣುವುದಿಲ್ಲ.

ಇದಾದ ಮೇಲೆ ಅಪ್ಪನನ್ನು ಸಮುದ್ರದಂಡೆಯ ಆಲ್ಬಿಯನ್ ಅನ್ನುವ ಊರಿಗೆ ಕರೆದುಕೊಂಡು ಹೋದೆ. ಕ್ಲಾರ್ಕ್ ಎಪ್ಪತ್ತರ ದಶಕದ ಶುರುವಿನಲ್ಲಿ ಲಾಸ್ ಏಂಜಲೀಸ್ ಬಿಟ್ಟು ಬಂದು ಇದ್ದದ್ದು ಇದೇ ಮೆಂಡೊಸಿನೋ ಕರಾವಳಿಯಲ್ಲಿ. 'ನೋ ಅದರ್' ಹಾಡುಗಳು ಹುಟ್ಟಿದ್ದು ಇಲ್ಲೇ. ದೊಡ್ಡ ಕಿಟಕಿಯ ಮುಂದೆ ಕೂತು ಗಂಟೆಗಟ್ಟಲೆ ಸಮುದ್ರ ನೋಡುತ್ತಿದ್ದೆ ಅಂತ ಅವನೇ ಹೇಳಿಕೊಂಡಿದ್ದಾನೆ. ನಮ್ಮಲ್ಲಿಂದ ಕ್ಲೋವರ್‌ಡೇಲ್‌ವರೆಗೆ ಹೆದ್ದಾರಿ, ಅಲ್ಲಿಂದ 128ನೇ ರಸ್ತೆ. ಬೂನ್‌ವಿಲ್ ದಾಟಿದ ಮೇಲೆ ದ್ರಾಕ್ಷಿ ತೋಟಗಳು, ಆಮೇಲೆ ರೆಡ್‌ವುಡ್ ಕಾಡು. ಆ ಮರಗಳ ಬುಡದಲ್ಲಿ ಮಧ್ಯಾಹ್ನವೂ ಕತ್ತಲೆ. ಅಲ್ಲಿ ಫೋನಿಗೆ ಸಿಗ್ನಲ್ ಸಿಗೋದಿಲ್ಲ ಅಂತ ಆಲ್ಬಂ ಮೊದಲೇ ಇಳಿಸಿಕೊಂಡಿದ್ದೆ. ಕಾಡು ಮುಗಿಯುತ್ತಿದ್ದ ಹಾಗೆ ರಸ್ತೆ ಸೀದಾ ಪೆಸಿಫಿಕ್ ದಂಡೆಗೆ ಬಂದು ಬೀಳುತ್ತದೆ. ಆಲ್ಬಿಯನ್ ನದಿಗೆ ಮರದ ಸೇತುವೆ ಇದೆ, 1944ರದ್ದು, ಕ್ಲಾರ್ಕ್ ಹುಟ್ಟಿದ ವರ್ಷದ್ದೇ. ಬೇಸಿಗೆಯಲ್ಲೂ ಅಲ್ಲಿ ಮಂಜು, ಚಳಿ. ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡರು.

ಕಾರು ನಿಲ್ಲಿಸಿ, ಬಾಗಿಲು ತೆಗೆದಿಟ್ಟು 'ಸ್ಟ್ರೆಂತ್ ಆಫ್ ಸ್ಟ್ರಿಂಗ್ಸ್' ಮತ್ತೆ ಹಾಕಿದೆ. ಇಲ್ಲಿನ ಸಮುದ್ರ ನಮ್ಮ ಹೊನ್ನಾವರದ ಹಾಗೆ ಮರಳಿನ ಮೇಲೆ ಬಂದು ಹೋಗುವುದಲ್ಲ. ಬಂಡೆಗೆ ನೇರ ಅಪ್ಪಳಿಸುತ್ತದೆ. ನೀರು ತಣ್ಣಗೆ ಕೊರೆಯುತ್ತದೆ, ಇಳಿದು ಕಾಲು ತೊಳೆಯುವ ಆಸೆಯೂ ಹುಟ್ಟುವುದಿಲ್ಲ. ದಂಡೆಯಲ್ಲಿ ನಿಂತವನು ಬಹಳ ಚಿಕ್ಕವನಾಗುತ್ತಾನೆ. ಈ ಹಾಡುಗಳನ್ನು ಗಿಟಾರು ಒಂದರಿಂದ ಹೇಳಬಹುದಿತ್ತು ಅನ್ನುವ ವಾದ ನನಗೆ ಅಲ್ಲಿ ನಿಲ್ಲಲಿಲ್ಲ. ಅವನು ಬರೆದದ್ದೇ ತನಗಿಂತ ಬಹಳ ದೊಡ್ಡದರ ಮುಂದೆ ನಿಂತವನ ಹಾಡು. ಸಂಗೀತವೇ ಅವನ ಮೇಲೆ ಅಲೆಯಾಗಿ ಬರಬೇಕು, ಅದರ ನಡುವಿನಿಂದ ಅವನ ದನಿ ಏಳಬೇಕು. ಇಲ್ಲದಿದ್ದರೆ ಸಾಹಿತ್ಯ ಉಳಿಯುತ್ತದೆ, ಅನುಭವ ಹೋಗುತ್ತದೆ. ಅಪ್ಪ ಕೇಳಿ ಮುಗಿಸಿ, "ಇವನಿಗೆ ಏನೋ ದೊಡ್ಡ ಚಿಂತೆ ಇತ್ತು" ಅಂದರು. ಇಂಗ್ಲಿಷ್ ಉಚ್ಚಾರ ಅವರಿಗೆ ಅರ್ಧಕ್ಕರ್ಧ ತಿಳಿದಿರಲಿಲ್ಲ.

ಆಲ್ಬಂ ಸತ್ತಿತು ಅಂದುಕೊಂಡ ಮೇಲೂ ಅದು ಬದುಕಿದ ರೀತಿ ದೊಡ್ಡದು. 1986ರಲ್ಲಿ ಇಂಗ್ಲೆಂಡಿನ 4ಎಡಿ ಕಂಪನಿಯ 'ದಿಸ್ ಮಾರ್ಟಲ್ ಕಾಯಿಲ್' ತಂಡ 'ಸ್ಟ್ರೆಂತ್ ಆಫ್ ಸ್ಟ್ರಿಂಗ್ಸ್' ಹಾಡಿತು. 1991ರ ಜನವರಿಯಲ್ಲಿ ಬರ್ಡ್ಸ್‌ಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು. ಅದೇ ವರ್ಷ ಮೇ ತಿಂಗಳಲ್ಲಿ ಕ್ಲಾರ್ಕ್ ತೀರಿಕೊಂಡ, 46 ವರ್ಷಕ್ಕೆ. ಕುಡಿತ ಅವನನ್ನು ತಿಂದುಹಾಕಿತ್ತು. 2003ರಲ್ಲಿ ಆಲ್ಬಂ ಮತ್ತೆ ಅಚ್ಚಾಯಿತು. 2019ರಲ್ಲಿ ಅದೇ 4ಎಡಿ ಅದನ್ನು ಹೊಸದಾಗಿ ಸಿದ್ಧಮಾಡಿ ದೊಡ್ಡ ಪೆಟ್ಟಿಗೆಯಾಗಿ ತಂದಿತು. ಅವನ ಸಮಾಧಿ ಹುಟ್ಟೂರು ಟಿಪ್ಟನ್‌ನಲ್ಲಿದೆ. ಕಲ್ಲಿನ ಮೇಲೆ ಹೆಸರಿನ ಜೊತೆ 'ನೋ ಅದರ್' ಅಂತಲೇ ಕೆತ್ತಿದ್ದಾರೆ. ಇದನ್ನೆಲ್ಲ ಅವನು ನೋಡಲಿಲ್ಲವಲ್ಲ ಅಂತ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈ ಹೊಸ ಆವೃತ್ತಿಗಳಿಂದ ಕೇಳುಗರಿಗೆ ಒಂದು ದೊಡ್ಡ ಉಪಕಾರ ಆಗಿದೆ. ಹೆಂಗಸರ ಮೇಳ, ಮೇಲಿನ ಅಲಂಕಾರ ಎಲ್ಲ ಸೇರುವ ಮೊದಲು ಸ್ಟುಡಿಯೋದಲ್ಲಿ ಮುದ್ರಿಸಿಕೊಂಡ ರೂಪಗಳು ಅದರಲ್ಲಿವೆ. ಇಷ್ಟು ವರ್ಷ ಎರಡೂ ಪಕ್ಷದವರು ಊಹೆಯ ಮೇಲೆ ವಾದ ಮಾಡುತ್ತಿದ್ದರು. ಈಗ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ನೋಡಬಹುದು. ಗ್ಯಾರೇಜಿನಲ್ಲಿ ನಾವು ಅದನ್ನೇ ಮಾಡಿದೆವು. 'ಸಿಲ್ವರ್ ರೇವನ್' ಬರಿಯ ರೂಪದಲ್ಲೇ ಚೆನ್ನ. ಇಲ್ಲಿ ಯಜಮಾನರೂ ಅಪ್ಪನೂ ಒಂದೇ ಕಡೆ, ನಾನೂ ಅವರ ಜೊತೆ. 'ಲೈಫ್ಸ್ ಗ್ರೇಟೆಸ್ಟ್ ಫೂಲ್' ಮೇಳವಿಲ್ಲದೆ ಕೇಳಿದರೆ ಒಳ್ಳೆಯ ಕಂಟ್ರಿ ಹಾಡು, ಅಷ್ಟೇ. ಅಲ್ಲಿ ನರ್ಸಮ್ಮನೇ ಗೆದ್ದರು. 'ದ ಟ್ರೂ ಒನ್' ಮಾತ್ರ ಹೇಗೆ ಕೇಳಿದರೂ ನನಗೆ ಉಳಿದ ಏಳರ ಜೊತೆ ಸೇರೋದಿಲ್ಲ, ಬೇರೆ ಆಲ್ಬಂನಿಂದ ಬಂದ ಹಾಗಿದೆ.

ಎಂಟು ನಿಮಿಷದ 'ಸಮ್ ಮಿಸ್‌ಅಂಡರ್‌ಸ್ಟ್ಯಾಂಡಿಂಗ್' ಇನ್ನೂ ಇತ್ಯರ್ಥವಾಗಿಲ್ಲ. ಎರಡನೇ ಬದಿಯಲ್ಲಿ ಎರಡನೆಯದು, ಇಡೀ ಆಲ್ಬಂನಲ್ಲಿ ತುಂಬಾ ಉದ್ದದ್ದು, ತುಂಬಾ ನಿಧಾನದ್ದು. ಯಜಮಾನರು ಅದನ್ನು ಅರ್ಧಕ್ಕೆ ಇಳಿಸಬೇಕಿತ್ತು ಅನ್ನುತ್ತಾರೆ. ನನಗೆ ಕೊನೆಯ ಎರಡು ನಿಮಿಷ ತೆಗೆದರೆ ಹಾಡೇ ಇಲ್ಲ. ಊರಲ್ಲಿ ಕೇಳುವವರು ಇದರಿಂದಲೇ ಶುರು ಮಾಡಿ, ರಾತ್ರಿ ಊಟ ಆದ ಮೇಲೆ, ಮಧ್ಯೆ ಎದ್ದು ಹೋಗುವ ಕೆಲಸ ಇಲ್ಲದಾಗ. ಮುಂದಿನ ಶನಿವಾರ ಯಜಮಾನರು 'ವೈಟ್ ಲೈಟ್' ಹಾಕುತ್ತಾರಂತೆ, ನಿಜವಾದ ಜೀನ್‌ನನ್ನು ಎಲ್ಲರಿಗೂ ತೋರಿಸಲು. ಅದು ಮುಗಿದ ಮೇಲೆ ಈ ಹಾಡನ್ನು ಇನ್ನೊಂದು ಸಲ ಹಾಕಿ ಅಂತ ನಾನು ಆಗಲೇ ಕೇಳಿಟ್ಟಿದ್ದೇನೆ.